ವಿಕಾಸವಾದ ಕಲಿಸಲು ಹೋಗಿ

ಜೀವವಿಕಾಸದ ಪಾಠ ಶುರುವಾಯಿತೆಂದರೆ ಆ ವಾರ ಏನಾದರೊಂದು ನಡೆದೇ ನಡೆಯುತ್ತಿತ್ತು. ಬೇರೆ ಪಾಠ ಹಾಗಲ್ಲ. ಎಲೆಯ ಒಳರಚನೆ ಹೇಳಿಕೊಟ್ಟರೆ ಯಾರೂ ಜಗಳಕ್ಕೆ ಬರುವುದಿಲ್ಲ. ತೊಂಬತ್ತರ ದಶಕದಲ್ಲಿ ಶಿಕಾರಿಪುರದಲ್ಲೂ ಆಮೇಲೆ ಸೊರಬದ ಕಡೆಯೂ ಜೂನಿಯರ್ ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುತ್ತಿದ್ದ ನನಗೆ ಆ ಪಾಠವೆಂದರೆ ಹಬ್ಬ. ಕೂಗಿ, ಬೆವರಿ, ಅಂಗಿ ತುಂಬ ಸೀಮೆಸುಣ್ಣ ಮಾಡಿಕೊಂಡು ಹೇಳುತ್ತಿದ್ದೆ.

ಪಾಲುದಾರರು

ಶಿಕಾರಿಪುರದಲ್ಲಿ ಪಾಠ ಮಾಡಿದ ಮರುದಿನವೇ ಒಬ್ಬ ವಿದ್ಯಾರ್ಥಿನಿಯ ತಂದೆ ಸ್ಟಾಫ್ ರೂಮಿಗೆ ನುಗ್ಗಿದರು. ಪೇಟೆಯಲ್ಲಿ ಕಿರಾಣಿ ಅಂಗಡಿ, ಊರಾಚೆ ಮೆಕ್ಕೆಜೋಳದ ಹೊಲ ಇದ್ದ ಯಜಮಾನರು. ಹಣೆಯ ವಿಭೂತಿ ಇನ್ನೂ ಹಸಿಯಾಗಿತ್ತು.

"ಏನ್ರೀ ಮೇಷ್ಟ್ರೇ, ನಮ್ಮ ಮುತ್ತಜ್ಜ ಮಂಗ ಅಂದ್ರಂತಲ್ಲ! ಅವರು ಊರಿಗೇ ನ್ಯಾಯ ಹೇಳಿದವರು ರೀ!"

 ನಾನು ಅವರನ್ನು ಕೂರಿಸಿ, ಕಾಗದದ ಮೇಲೆ ಕವಲು ಕವಲಾಗಿ ಗೆರೆ ಎಳೆದೆ. "ಮಂಗ ನಮ್ಮ ಅಜ್ಜ ಅಲ್ಲ ರೀ. ಕೋಟ್ಯಂತರ ವರ್ಷದ ಹಿಂದೆ ಇಬ್ಬರಿಗೂ ಮೂಲ ಒಂದೇ. ಅದರಲ್ಲಿ ಒಂದು ಕವಲು ಮಂಗ ಆಯ್ತು, ಇನ್ನೊಂದು ಕವಲು ನಾವಾದ್ವಿ."

ಅವರು ಗೆರೆಗಳ ಮೇಲೆ ಬೆರಳಾಡಿಸಿದರು. ಮುಖ ಅರಳಿತು. "ಅಂದ್ರ ದಾಯಾದಿಗಳು ಅನ್ರಿ!"

"ಹ್ಞೂಂ, ಹಾಗೇ."

"ಮೊದಲೇ ಹೇಳಬಾರದೇನ್ರಿ? ಅದಕ್ಕೇ ತೆನೆ ಬಲಿಯೋ ಹೊತ್ತಿಗೆ ಸರಿಯಾಗಿ ಬಂದು ಪಾಲು ತಗೊಂಡು ಹೋಗ್ತಾವು!"

ಗರಡಿಮನೆ

ಸೊರಬದ ಕಡೆಗೆ ಬಂದ ಮೇಲೆ ಒಂದು ದಿನ ಬಸ್ಸಿನಲ್ಲಿ ಕುಪ್ಪಗಡ್ಡೆಯ ರೈತರೊಬ್ಬರು ಪಕ್ಕದಲ್ಲಿ ಕೂತರು. ಕೈಯಲ್ಲಿ ಖಾಲಿ ಔಷಧಿ ಡಬ್ಬಿ, ಕಣ್ಣಲ್ಲಿ ಕೆಂಡ.

"ಅಂಗಡಿಯವನಿಗೆ ಇವತ್ತು ಗ್ರಹಚಾರ ಬಿಡಿಸ್ತೇನೆ. ಮೊದಲು ಇದೇ ಔಷಧಿಗೆ ಭತ್ತದ ಹುಳ ಪಟಪಟ ಉದುರ್ತಿತ್ತು. ಈಗ ಮಿಂದು ಎದ್ದ ಹಾಗೆ ಓಡಾಡ್ತವೆ ಮಾರಾಯ್ರೆ!"

ನನಗೆ ಎಲ್ಲಿಲ್ಲದ ಉಮೇದು ಬಂತು. ಸೀಟಿನಲ್ಲೇ ತಿರುಗಿ ಪಾಠ ಶುರು ಮಾಡಿದೆ. "ಮೊದಲ ಸಲ ಹೊಡೆದಾಗ ಸಾವಿರಕ್ಕೆ ಒಂದೋ ಎರಡೋ ತಡೆದುಕೊಂಡು ಉಳಿದಿರ್ತವೆ. ಮರಿ ಹಾಕೋದು ಉಳಿದವೇ ತಾನೆ? ಆ ಮರಿಗಳಿಗೂ ತಡೆಯೋ ಶಕ್ತಿ. ವರ್ಷವರ್ಷವೂ ಅದೇ ಔಷಧಿ ಹೊಡೆದ್ರೆ ಕಡೆಗೆ ಗದ್ದೆ ತುಂಬ ಅವೇ. ವಿಕಾಸ ಅಂದ್ರೆ ಇದೇ! ನಿಮ್ಮ ಗದ್ದೇಲೇ ನಡೀತಿದೆ!"

ಅವರು ಡಬ್ಬಿಯನ್ನು ಸೀಟಿನ ಕೆಳಗೆ ತಳ್ಳಿದರು.

"ಅಂದ್ರೆ ಇಷ್ಟು ವರ್ಷ ನಾನು ಹುಳ ಕೊಂದದ್ದಲ್ಲ, ಪೈಲ್ವಾನರನ್ನ ತಯಾರು ಮಾಡಿದ್ದು!"

ಬುದ್ಧಿಹಲ್ಲು

ಸೊರಬದ ಕಡೆ ನಾನಿದ್ದ ಕಾಲೇಜಿಗೆ ಇಲಾಖೆಯ ಅಧಿಕಾರಿಯೊಬ್ಬರು ತಪಾಸಣೆಗೆ ಬಂದರು. ನನ್ನ ಕೆಲಸ ಆಗಿನ್ನೂ ಖಾಯಂ ಆಗಿರಲಿಲ್ಲ. ಅವರು ಬರೆಯುವ ವರದಿಯ ಮೇಲೆಯೇ ಎಲ್ಲ ನಿಂತಿತ್ತು. ಸಾಹೇಬರು ಬೆಳಿಗ್ಗೆಯೆಲ್ಲ ಪ್ರಿನ್ಸಿಪಾಲರ ಫೈಲು ನೋಡಿ, ಸಿಡಿಮಿಡಿ ಎನ್ನುತ್ತ ನನ್ನ ತರಗತಿಗೆ ಬಂದರು. ಎಡಗೆನ್ನೆ ಬನ್ನಿನಂತೆ ಊದಿತ್ತು. ಹಿಂದೆಯೇ ಪ್ರಿನ್ಸಿಪಾಲರು.

ಅಂದು ನನ್ನ ಪಾಠ ಅದೇ. ಐದು ನಿಮಿಷ ಕೇಳಿ ಸಾಹೇಬರು ಕೈ ಎತ್ತಿದರು. "ಇದೆಲ್ಲ ಯಾವ ಕಾಲದ್ದೋ. ಇವತ್ತು ಇದರಿಂದ ಏನುಪಯೋಗ? ಯಾರಾದರೂ ಹೇಳಿ."

 ಹೊಸಬಾಳೆಯಿಂದ ಬರುತ್ತಿದ್ದ ಹುಡುಗಿಯೊಬ್ಬಳು ಎದ್ದು ನಿಂತಳು.

"ಸಾರ್, ನಿಮಗೆ ಬುದ್ಧಿಹಲ್ಲು ನೋವಾ?"

 ಸಾಹೇಬರು ಕೆನ್ನೆ ಹಿಡಿದುಕೊಂಡು, "ಹೌದು. ನಿನಗೆ ಹೇಗೆ ಗೊತ್ತಾಯ್ತು?" ಎಂದರು.

"ನಮ್ಮ ಹಿಂದಿನವರು ಹಸಿ ಗೆಡ್ಡೆ, ಮಾಂಸ ಅಗಿದು ತಿಂತಿದ್ರು, ದವಡೆ ದೊಡ್ಡದಿತ್ತು. ಈಗ ದವಡೆ ಸಣ್ಣದಾಗಿದೆ, ಹಲ್ಲು ಮಾತ್ರ ಅಷ್ಟೇ ಇವೆ. ಕೊನೇದಕ್ಕೆ ಜಾಗ ಸಾಲದೆ ಒತ್ತುತ್ತೆ ಸಾರ್. ಯಾಕೆ ನೋಯುತ್ತೆ ಅಂತ ತಿಳಿಯೋಕೆ ಈ ಪಾಠ ಬೇಕು."

ಸಾಹೇಬರ ಮುಖದಲ್ಲಿ ಮೊದಲ ಬಾರಿಗೆ ನಗು ಮೂಡಿತು. "ಭೇಷ್!" ಎಂದರು. ನಾನು ಕುಣಿಯುವುದೊಂದು ಬಾಕಿ.

ಉತ್ಸಾಹದಲ್ಲಿ ಹುಡುಗಿ ಮುಂದುವರಿಸಿದಳು: "ಕೆಲವರಿಗೆ ಬುದ್ಧಿಹಲ್ಲು ಹುಟ್ಟೋದೇ ಇಲ್ಲ ಸಾರ್. ಅವರಿಗೆ ಈ ತಾಪತ್ರಯವೇ ಇಲ್ಲ."

ತಮಗೂ ಒಂದು ಭೇಷ್ ಸಿಗಲೆಂದು ಪ್ರಿನ್ಸಿಪಾಲರು ಎದೆಯುಬ್ಬಿಸಿ ಮುಂದೆ ಬಂದರು. "ಸಾರ್, ನನಗೆ ಬುದ್ಧಿಹಲ್ಲು ಒಂದೂ ಬಂದಿಲ್ಲ!"

ಸಾಹೇಬರು ಕೆನ್ನೆ ಒತ್ತಿಕೊಂಡೇ ಅವರತ್ತ ತಿರುಗಿದರು.

"ಫೈಲು ನೋಡಿದಾಗಲೇ ಗೊತ್ತಾಯ್ತು ರೀ."