ಕಾಕಾನ ಕರಿಹಲಗೆಯ ಮೇಲಿನ ಏಷ್ಯಾ

ನಮ್ಮ ಕಾಕಾ ಯಾರ ಮನೆಗೆ ಹೋದರೂ ಮೊದಲು ನೋಡುವುದು ಹಿತ್ತಲು. ಆಮೇಲೆ ಅಡುಗೆಮನೆ. ಕೊನೆಗೆ, ನೆನಪಾದರೆ, ಮನೆಯವರ ಮುಖ! ಇಂಥವರನ್ನು ನೆಂಟರು ಹೇಗೆ ಸಹಿಸಿಕೊಂಡರು ಎಂಬುದು ಹತ್ತು ವರ್ಷ ವರದಿಗಾರ್ತಿಯಾಗಿ ದುಡಿದ ನನಗೂ ಸಿಗದ ಸುದ್ದಿ.

ಖರೆ ಎಂದರೆ ಅವರು ಅಪ್ಪನ ಕಾಕಾ. ಹಾಗಾಗಿ ಮನೆಮಂದಿಗೆಲ್ಲ ಕಾಕಾ. ಮೂಡಲಗಿಯಲ್ಲಿ ನಮ್ಮ ಓಣಿಯಲ್ಲೇ ಅವರ ಮನೆ. ಶಾಲೆಯಲ್ಲಿ ಭೂಗೋಳ ಕಲಿಸಿದವರು. ಏಷ್ಯಾದ ಯಾವ ದೇಶದವರು ಎಷ್ಟು ಕಾಲ ಬದುಕುತ್ತಾರೆ, ಎಷ್ಟು ಓದುತ್ತಾರೆ, ಹೇಗೆ ಬಾಳುತ್ತಾರೆ ಎಂಬ ಪಟ್ಟಿ ಪತ್ರಿಕೆಯಲ್ಲಿ ಬಂದಾಗಲೆಲ್ಲ ಕತ್ತರಿಸಿಡುವುದು ಅವರ ಚಟ. ಅಷ್ಟಕ್ಕೇ ನಿಂತರೆ? ನಿವೃತ್ತರಾದ ಮೇಲೆ ಪಡಸಾಲೆಯಲ್ಲಿ ಕರಿಹಲಗೆ ತೂಗುಹಾಕಿ, ನೆಂಟರ ಒಂದೊಂದು ಮನೆಯನ್ನೂ ಒಂದೊಂದು ದೇಶವೆಂದು ಬಗೆದು ಸ್ಥಾನ ಕೊಡತೊಡಗಿದರು. ಬಂದುಹೋಗುವವರೆಲ್ಲ ಓದುವಂತೆ, ದಪ್ಪ ಅಕ್ಷರದಲ್ಲಿ!

ಹುಕ್ಕೇರಿಯ ಮಾವ ಸಿಟ್ಟಾಗಿ ಬಂದರು. "ಮಾಸ್ತರ, ನಂದು ಎರಡಂತಸ್ತಿನ ಮನಿ. ಕಡೀಕ ಯಾಕ ಬರದೀರಿ?"

"ನಿಮ್ಮ ಟ್ರ್ಯಾಕ್ಟರಿಗೆ ಶೆಡ್ ಐತ್ರಿ. ಸೊಸಿಗೆ ಪಾಯಖಾನಿ ಎಲ್ಲೈತಿ?"

ಮಾವ ಚಹಾ ಮುಟ್ಟದೆ ಹೊರಟರು. ಎರಡು ತಿಂಗಳಿಗೆ ಫೋನು ಬಂತು: "ಕಟ್ಟಿಸೀನ್ರಿ. ಈಗರೆ ಮ್ಯಾಲ ಏರಸ್ರಿ!" ಕಾಕಾ ಖುದ್ದಾಗಿ ಹೋಗಿ ನೋಡಿ ಬಂದು, ಒಂದೇ ಒಂದು ಸ್ಥಾನ ಏರಿಸಿದರು. ಬಾಗಿಲಿಗೆ ಒಳಚಿಲಕ ಇರಲಿಲ್ಲವಂತೆ!

ನಮ್ಮ ಮನೆ ಮೂರನೆಯ ಸ್ಥಾನದಲ್ಲಿತ್ತು. ನಾನು ಹತ್ತನೆಯ ತರಗತಿ ಪಾಸಾದ ವರ್ಷ ಅಪ್ಪ, ಗೋಕಾಕದ ಕಾಲೇಜಿಗೆ ಹುಡುಗಿ ಒಬ್ಬಳೇ ಹೋಗುವುದು ಬೇಡ, ಓದು ಸಾಕು ಎಂದರು. ಮರುದಿನ ನೋಡಿದರೆ ನಾವು ಕಟ್ಟಕಡೆಗೆ, ಹುಕ್ಕೇರಿಗಿಂತ ಕೆಳಗೆ!

ಅಪ್ಪ ಓಡಿದರು. "ಕಾಕಾ, ಮಂದಿ ನಗಾಕತ್ತಾರ. ಅಳಸ್ರಿ."

"ಅಳಸೂದು ನಿನ್ನ ಕೈಯಾಗೈತೆಪ್ಪಾ."

"ಒಬ್ಬಾಕೀನ ಹೆಂಗ್ ಕಳಸ್ಲಿ?"

"ಒಬ್ಬಾಕಿ ಯಾಕ? ನನಗೂ ಗೋಕಾಕದಾಗ ಮನಿಮನಿ ಸರ್ವೇ ಐತಿ. ದಿನಾ ಅದ ಬಸ್ಸಿಗೆ ಹೋಗಾಂವ."

ಹೀಗೆ ಎರಡು ವರ್ಷ ನನ್ನ ಹಿಂದಿನ ಸೀಟಿನಲ್ಲಿ ಕಾಕಾ ಮತ್ತು ಅವರ ಕೊಡೆ. ಗೆಳತಿಯರ ಮುಂದೆ ಎಂಥ ನಾಚಿಕೆ! ಸರ್ವೇ ಬೇಗ ಮುಗಿಯಲಿ ಎಂದು ದೇವರಿಗೆ ಕಾಯಿ ಒಡೆಸಿದ್ದೂ ಉಂಟು.

ಕಳೆದ ವಾರ ಏಷ್ಯಾದ ಪಟ್ಟಿಯ ಬಗ್ಗೆ ವರದಿ ಬರೆಯುವಾಗ ಆ ಸರ್ವೇ ನೆನಪಾಯಿತು. ಸ್ಥಳೀಯ ಮಾಹಿತಿ ಸಿಕ್ಕೀತೆಂದು ಹೋಗಿ ಕೇಳಿದೆ. ಕಾಕಾನ ಹೆಂಡತಿ, ನಮ್ಮ ಕಾಕು, ಸೆರಗು ಬಾಯಿಗೆ ಹಿಡಿದು ನಕ್ಕರು.

"ಎಂಥಾ ಸರ್ವೇವಾ! ನಿಮ್ಮ ಕಾಲೇಜಿನ ಎದರಿನ ಚಹಾದಂಗಡ್ಯಾಗ ಸಂಜೀತನಾ ಕುಂತು ಬರತಿದ್ರು. ಒಂದ ಮನಿ ಬಾಗಲಾನೂ ಬಡದಿಲ್ಲ."

ಕಾಕಾ ಹಲಗೆ ಒರೆಸುತ್ತ, ತಿರುಗದೆಯೇ ಹೇಳಿದರು: "ಒಂದ ಮನೀದು ಮಾಡೇನಿ. ನಿಮ್ಮನೀದು. ಎರಡ ವರ್ಷ ಹಿಡೀತು."

ಆ ದಿನ ನನ್ನ ವರದಿ ತಡವಾಗಿ ಹೋಯಿತು. ಹತ್ತು ವರ್ಷದಲ್ಲಿ ಅದೇ ಮೊದಲು.