ಯು ಒತ್ತಿ, ಮಾವ

ಹೇಳಿದ ಕೂಡಲೇ ಕೇಳುವವರು ಮನೆಯಲ್ಲಿ ಒಬ್ಬರಾದರೂ ಇರಬೇಕೆಂಬುದು ನನ್ನ ಬಹುಕಾಲದ ಆಸೆ. ಚಪ್ಪಲಿ ಸಾಲಾಗಿರಬೇಕು, ಪೇಪರು ಮಡಿಸಿದ ಗೆರೆಯಲ್ಲೇ ಮತ್ತೆ ಮಡಿಸಬೇಕು ಎಂದು ಗುತ್ತಲಿನ ನಮ್ಮ ಮನೆಯಲ್ಲಿ ನಾನು ಹೊರಡಿಸಿದ ಆಜ್ಞೆಗಳನ್ನು ಸದ್ಯಕ್ಕೆ ಪಾಲಿಸುತ್ತಿರುವವನು ನಾನೊಬ್ಬನೇ. ಕೊನೆಗೆ ನನ್ನ ಆಸೆ ಪೂರೈಸಿದ್ದು ಸೊಸೆ ಚಂದ್ರಿಕಾಳ ಲ್ಯಾಪ್‌ಟಾಪು. ಒಂದಕ್ಷರ ಒತ್ತಿದರೆ ಸಾಕು, ಚಾಚೂ ತಪ್ಪದೆ ಪಾಲಿಸುತ್ತದೆ. ಇಷ್ಟೊಂದು ವಿಧೇಯತೆ ಒಳ್ಳೆಯದಲ್ಲ ಎಂದು ತಿಳಿದದ್ದು ಆಮೇಲೆ.

ಚಂದ್ರಿಕಾ ಮದ್ದೂರಿನಲ್ಲಿ ಕಂಪ್ಯೂಟರ್ ಪಾಠ ಹೇಳುತ್ತಾಳೆ. ಕೊಕ್ಕರೆ ಬೆಳ್ಳೂರಿನ ಹಕ್ಕಿಗಳನ್ನು ಫೋಟೋ ನೋಡಿ ಕಂಪ್ಯೂಟರೇ ಗುರುತಿಸುವಂತೆ ಮಾಡುವುದು ಅವಳ ಪಿಎಚ್.ಡಿ. ವಿಷಯ. ವಾರದ ಹಿಂದೆ ಗೆಜ್ಜಲಗೆರೆ ಹತ್ತಿರ ಟ್ರ್ಯಾಕ್ಟರಿನಿಂದ ಬಿದ್ದಿದ್ದ ಕಬ್ಬಿನ ಮೇಲೆ ಸ್ಕೂಟರು ಜಾರಿ ಬಲಗೈಗೆ ಪ್ಲಾಸ್ಟರು ಬಿತ್ತು. ಕೊನೆಯ ಅಧ್ಯಾಯ ಇವತ್ತು ಸಂಜೆ ಐದರೊಳಗೆ ಗೈಡಿಗೆ ಹೋಗದಿದ್ದರೆ ಇನ್ನೊಂದು ವರ್ಷ ಕಾಯಬೇಕು. "ಮಾವ, ನಾನು ಹೇಳ್ತೀನಿ, ನೀವು ಟೈಪ್ ಮಾಡ್ತೀರಾ?" ಎಂದಳು. ಮಳವಳ್ಳಿಯ ವಕೀಲರ ಕಚೇರಿಯಲ್ಲಿ ಆಯುಷ್ಯವೆಲ್ಲ ಟೈಪಿಸಿದವನನ್ನು ಕೇಳುವ ಪ್ರಶ್ನೆಯೇ ಅದು? ಬೆನ್ನು ನೆಟ್ಟಗೆ ಮಾಡಿ ಕೂತೆ.

ಅವಳು ಬರೆಯುವುದು ಮೌಸಿನ ಹಂಗಿಲ್ಲದ ಒಂದು ಕಪ್ಪು ಪರದೆಯಲ್ಲಿ. ಐ ಒತ್ತಿದರೆ ಆಮೇಲೆ ಒತ್ತಿದ್ದೆಲ್ಲ ಬರಹ; ಎಸ್ಕೇಪ್ ಒತ್ತಿದರೆ ಅವೇ ಅಕ್ಷರಗಳು ಆಜ್ಞೆಗಳು. ಜೆ ಎಂದರೆ ಒಂದು ಸಾಲು ಕೆಳಗಿಳಿ. ಈ ಶಿಸ್ತು ನನಗೆ ಬಹಳ ಹಿಡಿಸಿತು. ಅವಳು ಯೋಚಿಸಲು ನಿಂತಾಗಲೆಲ್ಲ "ಮುಂದೆ? ಮುಂದೆ?" ಎನ್ನುತ್ತ ಅಧ್ಯಾಯ ಮುಗಿಸಿದೆ. ಶೀರ್ಷಿಕೆ ದೊಡ್ಡಕ್ಷರದಲ್ಲಿರಬೇಕೆಂಬುದು ನಮ್ಮ ಕಚೇರಿಯ ಕಟ್ಟಳೆ. ಮೇಲೆ ಹೋಗಿ ಕ್ಯಾಪ್ಸ್ ಲಾಕ್ ಹಾಕಿ ಶೀರ್ಷಿಕೆ ಹೊಡೆದೆ, ಎಸ್ಕೇಪ್ ಒತ್ತಿದೆ, ಕೆಳಗಿಳಿಯಲು ಜೆ ಒತ್ತಿ ಹಿಡಿದೆ. ಸಾಲುಗಳು ಒಂದರ ಬಾಲ ಒಂದು ಹಿಡಿದು ಓಡಿಬಂದು ಅಂಟಿಕೊಂಡವು. ಪ್ಯಾರಾ, ಉಪಶೀರ್ಷಿಕೆ, ಕೋಷ್ಟಕ ಎಲ್ಲ ಸೇರಿ ಇಡೀ ಅಧ್ಯಾಯ ಒಂದೇ ಸಾಲಾಯಿತು.

"ಕ್ಯಾಪ್ಸ್ ಲಾಕ್ ಹಾಗೇ ಇದೆ. ದೊಡ್ಡ ಜೆ ಅಂದ್ರೆ ಕೆಳಗಿನ ಸಾಲನ್ನ ಮೇಲಕ್ಕೆ ಅಂಟಿಸು ಅಂತ, ಮಾವ."

ನನ್ನ ಹೆಂಡತಿ ಜಯಮ್ಮ ಅಡುಗೆಮನೆಯಿಂದ ಇಣುಕಿದಳು. "ಏನ್ರೀ, ಆ ಹೆಣ್ಮಗ ಯೋಳಿದ್ದನ್ನೆಲ್ಲ ಮುದ್ದೆ ಕಟ್ಬುಟ್ರಾ?"

ಗಂಟೆ ನಾಲ್ಕು ದಾಟಿತ್ತು. ನಾನಾಗಿದ್ದರೆ ಸೂರು ಹಾರುವಂತೆ ಕೂಗಿರುತ್ತಿದ್ದೆ. ಚಂದ್ರಿಕಾ ಮಾತ್ರ, "ಲಾಕ್ ತೆಗೆದು ಯು ಒತ್ತಿ, ಮಾವ" ಎಂದಳು. ಒತ್ತಿದೆ. ಒಂದು ಸಾಲು ಕಳಚಿ ತನ್ನ ಜಾಗಕ್ಕೆ ಹೋಗಿ ಕೂತಿತು. ಮತ್ತೆ ಒತ್ತಿದೆ, ಇನ್ನೊಂದು. ವಕೀಲರ ಕಚೇರಿಯಲ್ಲಿ ಒಂದಕ್ಷರ ತಪ್ಪಿದರೆ ಛಾಪಾಕಾಗದವೇ ದಂಡ, ಮೇಲೆ ಬೈಗುಳ. ಮಾಡಿದ ತಪ್ಪು ಒಂದೊಂದಾಗಿ ಹಿಂದಕ್ಕೆ ಹೋಗುವುದನ್ನು ನಾನು ಕಂಡದ್ದು ಇದೇ ಮೊದಲು. ಆ ಕೀಲಿಗೂ ಈ ಹುಡುಗಿಗೂ ಒಟ್ಟಿಗೇ ಕೈಮುಗಿಯಬೇಕೆನಿಸಿತು.

ಉಳಿದದ್ದು ಕೃತಜ್ಞತೆಯ ಪುಟ. ಅವಳು ಹೇಳಿದಳು: "ಅಪಾರ ತಾಳ್ಮೆಯಿಂದ ಇದನ್ನು ಟೈಪಿಸಿದ ನನ್ನ ಮಾವನವರಿಗೆ..."

"ತಾಳ್ಮೆನಾ?" ಎಂದಳು ಜಯಮ್ಮ. "ಯಾವ್ ಮಾವುಂಗವ್ವ?"

ಮಳವಳ್ಳಿಯಲ್ಲಿ ಕಕ್ಷಿದಾರರು ಹೇಳಿದ ಎಷ್ಟೋ ಸುಳ್ಳುಗಳನ್ನು ತಲೆ ಎತ್ತದೆ ಟೈಪಿಸಿದ್ದೇನೆ. ನನ್ನ ಪರವಾದ ಸುಳ್ಳು ಇದೊಂದೇ. ಇನ್ನೇನು ಐದು ಹೊಡೆಯುವುದರಲ್ಲಿದ್ದರೂ, ಆ ಸಾಲಿನ ಸ್ಪೆಲಿಂಗನ್ನು ಎರಡು ಸಲ ನೋಡಿಯೇ ಕಳಿಸಲು ಬಿಟ್ಟೆ.