ಸಾಯ್ಬ್ರ ಹೊಲಿಗೆಯಿಲ್ಲದ ಬಟ್ಟೆ

ಹೇಳಿದ ದಿನಕ್ಕಿಂತ ಮುಂಚೆ ಬಟ್ಟೆ ಹೊಲಿದುಕೊಡುವ ದರ್ಜಿಯನ್ನು ನೀವು ಕಂಡಿದ್ದೀರಾ? ನಾನು ಕಂಡಿದ್ದೇನೆ. ಕೋಟೇಶ್ವರದಲ್ಲಿ, ನಮ್ಮ ಪಕ್ಕದ ಮನೆಯಲ್ಲೇ! ದೀಪಾವಳಿಯ ಅಂಗಿ ಚೌತಿಗೇ ಸಿದ್ಧ. ನನ್ನ ತಮ್ಮನ ಅಂಗಿ ಹೀಗೆ ಹಬ್ಬ ಬರುವಷ್ಟರಲ್ಲಿ ಗಿಡ್ಡವಾದದ್ದು ಮೂರು ಸಲ, ಡೈರಿಯಲ್ಲಿ ಬರೆದಿಟ್ಟಿದ್ದೇನೆ.

"ಹ್ವಾಯ್ ಸಾಯ್ಬ್ರೆ, ಇಷ್ಟ್ ಬೇಗ ಎಂತಕ್ಕೆ?" ಎಂದು ಅಮ್ಮ ಕೇಳಿದರೆ, "ಹಬ್ಬ ಬೇಗ ಬಂದ್ರೆ ಎಂತ ಮಾಡ್ತ್ರಿ?" ಎನ್ನುತ್ತಿದ್ದರು.

2007ರ ಮೇ ಹತ್ತರಂದು ಗಂಡ ಹೆಂಡತಿ ಉಮ್ರಾ ಯಾತ್ರೆಗೆ ಮೆಕ್ಕಾಕ್ಕೆ ಹೊರಟರು. ಸಂಜೆ ಬೊಂಬಾಯಿ ಬಸ್ಸು, ಅಲ್ಲಿಂದ ವಿಮಾನ. ಹೊಲಿಗೆಯಿಲ್ಲದ ಎರಡು ಬಿಳಿ ಬಟ್ಟೆ ಉಟ್ಟು ಯಾತ್ರೆಯ ಸಂಕಲ್ಪ ಮಾಡುವುದು ವಿಮಾನ ಹತ್ತುವಾಗ ಆಗಿದ್ದರೂ ಸಾಕಿತ್ತು. ನಮ್ಮ ಸಾಯ್ಬ್ರು ಬೆಳಿಗ್ಗೆ ಎಂಟಕ್ಕೆ ಮನೆಯ ಜಗಲಿಯಲ್ಲೇ ಸಿದ್ಧ! ಹೆಂಡತಿಯನ್ನೂ ಎಬ್ಬಿಸಿ ಕೂರಿಸಿದ್ದರು. ಅವರನ್ನು ನಾನು ಚಾಚಿ ಎನ್ನುತ್ತಿದ್ದೆ, ಅವರಿಗೆ ರಕ್ತದೊತ್ತಡ. ಬೀಳ್ಕೊಡಲು ಬಂದ ಮಸೀದಿಯ ಉಸ್ತಾದರು ಹಣೆ ಚಚ್ಚಿಕೊಂಡರು.

"ಈಗ್ಲೇ ಮಾಡೂದಾರೆ ಷರತ್ತೊಂದ್ ಹಾಕಿ ಮರ್ರೆ. ದೇವ್ರೆ, ಎಲ್ಲಿ ನೀನು ತಡೆದೆಯೋ ಅಲ್ಲೇ ನಮ್ಮ ಬಿಡುಗಡೆ, ಅಂದೇಳಿ."

ಇಬ್ಬರೂ ಹಾಗೇ ಹೇಳಿ ಸಂಕಲ್ಪ ಮಾಡಿದರು.

ಮಧ್ಯಾಹ್ನ ಮೂರಕ್ಕೆ ಚಾಚಿ ಕುಸಿದರು. ಬಲಭಾಗ ಬಿದ್ದುಹೋಯಿತು. ಇನ್ನು ಪ್ರಯಾಣದ ಮಾತೇ ಬೇಡ ಎಂದರು ಕುಂದಾಪುರದ ಡಾಕ್ಟರು. ಉಳಿದ ಯಾತ್ರಿಕರು ಹೋದರು. ನಾಲ್ಕನೆಯ ದಿನ ಚಾಚಿಯನ್ನು ಮನೆಗೆ ತಂದಾಗ ಉಸ್ತಾದರು ಬಂದು ಕುಳಿತರು.

"ದಾರಿ ಮುಚ್ಚಿತ್ ಸಾಯ್ಬ್ರೆ. ಷರತ್ತ್ ಹಾಕಿದ್ರಿ ಅಲ್ದಾ? ಪರಿಹಾರಕ್ಕೆ ಕುರಿ ಬಲಿ ಕೊಡೂದೂ ಬ್ಯಾಡ. ಬಿಟ್ಟೆ ಅಂದೇಳಿ ಮನಸ್ಸ್ ಮಾಡಿ, ಇಬ್ರೂ ಚೂರ್ ಕೂದ್ಲ್ ಕತ್ತರ್ಸಿ. ಅಲ್ಲಿಗೆ ಮುಗೀತ್."

"ಮುಚ್ಲಿಲ್ಲ ಉಸ್ತಾದ್ರೆ. ತಡ ಆಯ್ತ್, ಅಷ್ಟೇ."

ಸಂಕಲ್ಪ ಬಿಡದವರಿಗೆ ಯಾತ್ರೆಯ ಕಟ್ಟುಪಾಡು ಬಿಡುತ್ತದೆಯೇ? ಕೂದಲು, ಉಗುರು ತೆಗೆಯುವಂತಿಲ್ಲ. ತಲೆಗೆ ಟೊಪ್ಪಿಯಿಲ್ಲ. ಸೊಳ್ಳೆ ಹೊಡೆಯಲು ಅಡ್ಡಿಯಿಲ್ಲವೆಂದು ಉಸ್ತಾದರೇ ಹೇಳಿದರೂ ಇವರು ಒಪ್ಪಲಿಲ್ಲ! ಒಂದು ಸಂಜೆ ನಾನೇ ಎಣಿಸಿದೆ: ಕಡಿದ ಸೊಳ್ಳೆ ಮೂವತ್ತೇಳು, ಸತ್ತದ್ದು ಸೊನ್ನೆ. ಅದೇ ಎರಡು ತುಂಡು ಬಟ್ಟೆಯಲ್ಲಿ ಮಿಷನ್ನಿನ ಮುಂದೆ ಕುಳಿತು ಊರವರ ರವಿಕೆ ಹೊಲಿದರು. ಬೀಜಾಡಿಯಿಂದ ಬಂದ ಹೆಂಗಸೊಬ್ಬರು ಬಾಗಿಲಲ್ಲೇ ನಿಂತು, "ಇವ್ರದ್ದೇ ಹೊಲ್ದ್ ಆಯ್ಲಿಲ್ಲ, ನಂದ್ ಯಾವಾಗ ಹೊಲಿತ್ರ್?" ಎಂದು ಬಟ್ಟೆಯೊಂದಿಗೆ ವಾಪಸಾದರು.

ನಾವು ನಕ್ಕೆವು. ಆದರೆ ಆ ಬಟ್ಟೆ ತೆಗೆದರೆ ಚಾಚಿ ಇನ್ನು ಏಳುವುದಿಲ್ಲವೆಂದು ಒಪ್ಪಿಕೊಂಡಂತೆ. ಅದನ್ನು ಅವರಿಗೆ ಹೇಳುವವರು ಯಾರು?

ಕಟ್ಟು ಚಾಚಿಗೂ ಇತ್ತು. ಸುಗಂಧ ಸೋಕಿಸಬಾರದು. ಮದುವೆಯಾದಂದಿನಿಂದ ಮಲ್ಲಿಗೆ ಮುಡಿಯದ ದಿನವಿಲ್ಲ ಎನ್ನುತ್ತಿದ್ದ ತಲೆ ಬರಿದಾಗಿತ್ತು. ಹತ್ತೊಂಬತ್ತನೆಯ ದಿನ ನಾನು ಗಂಜಿ ಕುಡಿಸುತ್ತಿದ್ದಾಗ ಅವರು ತೊದಲುತ್ತ ಗಂಡನನ್ನು ಕರೆದರು.

"ಕಾಣಿ, ನಂಗ್ ಹೋಪುಕೆ ಆತಿಲ್ಲೆ. ನಿಮ್ಗೂ ಗೊತ್ತಿತ್. ಒಂಚೂರ್ ಮಲ್ಲಿಗಿ ಮುಡ್ಕಣ್ಕ್ ಮರ್ರೆ."

"ಇನ್ನೊಂದ್ ಹತ್ತ್ ದಿನ ಕಾಂಬ."

"ನಂಗ್ ಹತ್ತ್ ದಿನ ಇತ್ತಾ?"

ಸಾಯ್ಬ್ರು ಎದ್ದು ಕತ್ತರಿ ತಂದರು. ಚಾಚಿಯ ಜಡೆಯ ತುದಿಗೆ ಟೇಪು ಹಿಡಿದು ಒಂದು ಬೆರಳಿನಷ್ಟನ್ನು ಅಳೆದರು. ಮತ್ತೆ ಅಳೆದರು. ಮೂರನೆಯ ಸಲವೂ ಅಳೆದು ಕತ್ತರಿಸಿದರು. ಆಮೇಲೆ ಕತ್ತರಿಯನ್ನು ಚಾಚಿಯ ಎಡಗೈಗೆ ಕೊಟ್ಟು, ಮಂಚದ ಪಕ್ಕ ಕೂತು ತಲೆ ಬಗ್ಗಿಸಿದರು. ಆ ಕೈಗೆ ಕತ್ತರಿ ಬಿಡಿಸಲಾಗಲಿಲ್ಲ. ಅದರ ಮೇಲೆ ತಮ್ಮ ಕೈ ಇಟ್ಟರು. ಇಬ್ಬರೂ ಸೇರಿ ಕತ್ತರಿಸಿದರು.

ನಾನು ಹೂವಿನಂಗಡಿಗೆ ಓಡಿದೆ.

ಆಮೇಲೆ ಚಾಚಿ ಹನ್ನೊಂದು ದಿನ ಇದ್ದರು. ಹನ್ನೊಂದು ದಿನವೂ ಮಲ್ಲಿಗೆ ಮುಡಿದರು. ಮುಡಿಸಿದ್ದು ಸಾಯ್ಬ್ರೇ, ಬೇರೆ ಯಾರಿಗೂ ಕೊಡಲಿಲ್ಲ.